ಒಂದೇ ಚೀಲದ ಹತ್ತಿ

ಫೆಬ್ರುವರಿ 16, ಭಾನುವಾರ. ಬೆಳಿಗ್ಗೆ 6 ಗಂಟೆ 40 ನಿಮಿಷ. ಆದೋನಿ, ಕರ್ನೂಲು ಜಿಲ್ಲೆ.

ಹೊಳಗುಂದದ ಕಡೆಯ ಒಬ್ಬ ಹೆಂಗಸಿನ ಬಲಗೈ ಈಗ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಆ ಕೈಯ ಗಾಯಕ್ಕೆ ಎಂಟು ಸಲ ಹತ್ತಿ ಹರಿದು ಕೊಟ್ಟವಳು ನಾನು. ಎಂಟು ಸಲವೂ ನಾನು ಕೈ ತೊಳೆದಿರಲಿಲ್ಲ. ಎಂಟು ಸಲವೂ ಅದಕ್ಕೆ ಸ್ವಲ್ಪ ಮೊದಲು ನನ್ನ ಅವ್ವನ ಕಾಲಿನ ಕೀವು ಹತ್ತಿದ ಬಟ್ಟೆಯನ್ನು ಅದೇ ಕೈಯಿಂದ ಸುತ್ತಿ ಎಸೆದು ಬಂದಿದ್ದೆ.

ನಾನು ಲೆಕ್ಕ ಇಡುವ ಹುಡುಗಿ. ಎಂಟನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ, ಈಗ ಇಪ್ಪತ್ಮೂರು ವಯಸ್ಸು. ಕೆಲಸವೂ ಬರೆಯುವುದೇ. ಹತ್ತಿಯ ಬೀಜ ಬಿಡಿಸುವ ಸೋದರಮಾವನ ಜಿನ್ನಿಂಗ್ ಮಿಲ್ಲಿನಲ್ಲಿ ಬಂದ ಹತ್ತಿಯ ರಿಜಿಸ್ಟರ್ ನೋಡಿಕೊಳ್ಳುತ್ತೇನೆ: ಯಾವ ಊರಿನ ಹತ್ತಿ, ಯಾವ ದಿನ ಬಂತು, ತೇವ ಎಷ್ಟು, ಕಸ ಎಷ್ಟು. ಹತ್ತಿಯಲ್ಲಿ ಏನೇನು ಇರುತ್ತದೆ ಎಂದು ನಮ್ಮ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಈ ಮಾತನ್ನು ಮುಂದೆ ನನ್ನ ಮೇಲೇ ಹೊರಿಸಿಕೊಳ್ಳಬೇಕಾಗುತ್ತದೆ.

ಅವ್ವನಿಗೆ ಸಕ್ಕರೆ ಕಾಯಿಲೆ. ನವೆಂಬರ್ 3ರಂದು ಹೊಸ ಚಪ್ಪಲಿ ಬಲಗಾಲಿನ ಕಿರುಬೆರಳ ಹತ್ತಿರ ಕಚ್ಚಿತು. ಕಡಲೆಬೇಳೆಯಷ್ಟು ಗಾಯ. ಅದು ಉಬ್ಬಿದಾಗ ಮನೆಯಲ್ಲಿ ಯಾರೋ ಒಬ್ಬರು ಮೆಡಿಕಲ್ ಶಾಪಿಗೆ ಹೋಗಿ, "ಗಾಯಕ್ಕ ಒಂದು ಒಳ್ಳೆ ಗುಳಿಗಿ ಕೊಡ್ರಿ" ಎಂದು ತಂದರು. ಎರಡು ದಿನ ನುಂಗಿದಳು, ಬಾವು ಇಳಿಯಿತು, ಬಿಟ್ಟಳು. ಮತ್ತೆ ಬಾತಿತು. ಈ ಸಲ ಬೇರೆ ಬಣ್ಣದ ಗುಳಿಗೆ, ಮೂರು ದಿನ. ಆಮೇಲೆ ಇನ್ನೊಂದು, ಒಂದೇ ದಿನ, ಹೊಟ್ಟೆ ಉರಿಯಿತೆಂದು ಬಿಟ್ಟಳು. ಆಮೇಲೆ ಪಕ್ಕದ ಮನೆಯಲ್ಲಿ ಮಿಕ್ಕಿದ್ದ ಗುಳಿಗೆ, ಮೂರು ದಿನ. ಐದು ವಾರದಲ್ಲಿ ನಾಲ್ಕು ಬಗೆ, ಒಟ್ಟು ಒಂಬತ್ತು ದಿನ. ಇದನ್ನೆಲ್ಲ ನಾನು ದಿನ ದಿನ ಬರೆದಿಟ್ಟಿದ್ದೇನೆ. ಬರೆದಿಡುವುದು ಬೇರೆ, ತಡೆಯುವುದು ಬೇರೆ. ನಾಲ್ಕರಲ್ಲಿ ಒಂದು ಸಲ ಮೆಡಿಕಲ್ ಶಾಪಿಗೆ ಹೋಗಿದ್ದವಳು ನಾನೇ.

ಡಿಸೆಂಬರ್ 10, ಮಂಗಳವಾರ, ಅವ್ವನನ್ನು ಊರಿನ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಪಾದದ ಅಂಚು ಕಪ್ಪಾಗಿತ್ತು. ಅಪ್ಪ ಬೆಳಿಗ್ಗೆ ಸಂಜೆ ಬಂದು ಹೋಗುತ್ತಿದ್ದ, ಜೊತೆಗೆ ಉಳಿದವಳು ನಾನು. ಕೋಣೆಯಲ್ಲಿ ಎರಡು ಮಂಚ. ಮರುದಿನ ಎರಡನೆಯ ಮಂಚಕ್ಕೆ ಹೊಳಗುಂದದ ಅಕ್ಕ ಬಂದಳು. ಹೆಸರು ಗೊತ್ತಿದ್ದರೂ ಇಲ್ಲಿ ಬರೆಯುವುದಿಲ್ಲ. ಮೂವತ್ತೈದರ ಆಸುಪಾಸು. ಕುರಿ ಸಾಕುವವರು. ಕುರಿದೊಡ್ಡಿಗೆ ಬೇಲಿ ಕಟ್ಟುವಾಗ ಜಾಲಿಮುಳ್ಳು ಬಲ ಅಂಗೈಗೆ ನೆಟ್ಟು ಮುರಿದಿತ್ತು. ಕೊಯ್ದು ಮುಳ್ಳನ್ನೂ ಕೀವನ್ನೂ ತೆಗೆದು, "ಆರೇಳು ದಿನಕ್ಕ ಮಾಯತೈತಿ" ಎಂದು ಮಲಗಿಸಿದ್ದರು. ನೋವಿತ್ತು, ಆದರೆ ಗಾಯ ಸ್ವಚ್ಛವಾಗಿತ್ತು. ನಾನು ಕಣ್ಣಾರೆ ಕಂಡಿದ್ದೇನೆ, ಕೆಂಪಗೆ, ದಾಳಿಂಬೆಯ ಒಳಗಿನ ಹಾಗೆ.

ನಾನು ನೋಟ್‌ಬುಕ್ ತೆರೆದದ್ದು ನೋಡಿ ಆಕೆ ಮೊದಲ ದಿನವೇ ಕೇಳಿದಳು.

"ಏನು ಬರಕೊಂತೀಯವ್ವ ಯಾವಾಗ ನೋಡಿದ್ರೂ? ನಮ್ಮ ಕುರಿ ಲೆಕ್ಕನೂ ಬರಕೋ ಹಂಗಾದ್ರ."

"ಎಷ್ಟು ಅದಾವಕ್ಕ?"

"ಹೇಳಬಾರದು. ಹೇಳಿದ್ರ ಕಣ್ಣು ತಾಗತೈತಿ." ಗಂಡನ ಕಡೆ ತಿರುಗಿ ನಕ್ಕಳು. "ಈ ಬಲಗೈ ಒಂದು ಸರಿ ಆಗ್ಲಿ ಸಾಕು. ಮರಿ ಹಾಕೋ ದಿನ ಬಂದಾವ. ಅಡ್ಡ ಸಿಕ್ಕೊಂಡ ಮರಿನ್ನ ಇದೇ ಕೈಲೆ ಎಳೀತೀನಿ ನಾನು. ಈ ಯಪ್ಪನ ಕೈ ದೊಡ್ಡದು, ಒಳಗ ಹೋಗಂಗಿಲ್ಲ."

ಗಂಡ ತಲೆ ತಗ್ಗಿಸಿ ನಕ್ಕ. ಅದು ನಿಜವಂತೆ. ಅವರ ಹಿಂಡಿನಲ್ಲಿ ಮರಿ ತೆಗೆಯುವ ಕೈ ಆಕೆಯದೊಂದೇ. ಈ ಮಾತು ಬರೆದುಕೊಂಡಿದ್ದೇನೆ, ಡಿಸೆಂಬರ್ 11, ಸಂಜೆ ಐದೂವರೆ.

ಆ ನರ್ಸಿಂಗ್ ಹೋಮಿನಲ್ಲಿ ದಿನಾ ಬೆಳಿಗ್ಗೆ ಗಾಯಕ್ಕೆ ಪಟ್ಟಿ ಬದಲಿಸುವವನನ್ನು ಎಲ್ಲರೂ ಕಂಪೌಂಡರ್ ಎಂದು ಕರೆಯುತ್ತಾರೆ. ಅವನ ಕೈಯಲ್ಲಿ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಒಂದು ಇಕ್ಕಳ, ಒಂದು ಕತ್ತರಿ, ಒಂದು ಸ್ಪಿರಿಟ್ ಬಾಟಲಿ. ಕೈಗೆ ರಬ್ಬರ್ ಗ್ಲೌಸ್. ಅದೇ ಗ್ಲೌಸಿನಲ್ಲಿ ಅವ್ವನ ಪಟ್ಟಿ ಬಿಚ್ಚುತ್ತಿದ್ದ, ಅದೇ ಗ್ಲೌಸಿನಲ್ಲಿ ಬಾಗಿಲು ತೆರೆಯುತ್ತಿದ್ದ, ಅದೇ ಗ್ಲೌಸಿನಲ್ಲಿ ಫೋನ್ ಎತ್ತಿ, ಹೇಳು ಎಂದು ತೆಲುಗಿನಲ್ಲಿ "ಹಾಂ, ಚೆಪ್ಪು" ಎನ್ನುತ್ತಿದ್ದ, ಅದೇ ಗ್ಲೌಸಿನಲ್ಲಿ ಹೊಳಗುಂದದ ಅಕ್ಕನ ಅಂಗೈ ಬಿಡಿಸುತ್ತಿದ್ದ. ಆ ಗ್ಲೌಸು ಇದ್ದದ್ದು ಅವನ ಕೈ ಕೊಳೆಯಾಗಬಾರದು ಎಂದು. ಗಾಯದ ಒಳ್ಳೆಯದಕ್ಕೆ ಅಲ್ಲ.

ಇಬ್ಬರೂ ಒಟ್ಟಿಗೆ ಇದ್ದು ಪಟ್ಟಿ ಬದಲಾದದ್ದು ಹನ್ನೊಂದು ದಿನ, ಡಿಸೆಂಬರ್ 12ರಿಂದ 22. ಒಂಬತ್ತು ದಿನ ಮೊದಲು ಅವ್ವನದು, ಆಮೇಲೆ ಆಕೆಯದು. 12, 13, ಈ ಎರಡು ದಿನ ಮಾತ್ರ ಆಕೆಯದು ಮೊದಲು. ನಡುವೆ ಇಕ್ಕಳವನ್ನು ಕುದಿಸಿದ್ದು ಒಂದು ಸಲವೂ ಇಲ್ಲ. ಸ್ಪಿರಿಟ್ ಬಾಟಲಿಯಲ್ಲಿ ಅದ್ದಿದ್ದು ನಾಲ್ಕು ಸಲ, ಅದೂ ನಾನು ನೋಡುತ್ತಿದ್ದೇನೆಂದು.

"ಅಣ್ಣಾ, ಇಕ್ಕಳ ಬೇರೆ ಇಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ಏಮಮ್ಮಾ ಕಲೆಕ್ಟರಮ್ಮಾ, ಇನ್‌ಸ್ಪೆಕ್ಷನ್ನಿಗೆ ಬಂದೀರೇನು? ಇಪ್ಪತ್ತು ವರ್ಷ ಆತು ಇದೇ ಕೆಲಸ ಮಾಡಕೊಂತ. ನಿಮ್ಮ ಬುಕ್ಕಿನಾಗ ಅದನ್ನೂ ಬರಕೋರಿ."

ಬರೆದುಕೊಂಡೆ. ಮೇಲಕ್ಕೆ ದೂರು ಕೊಡಲಿಲ್ಲ. ಅವ್ವನ ಕಾಲು ಅವನ ಕೈಯಲ್ಲಿತ್ತು, ಅವನನ್ನು ಸಿಟ್ಟಿಗೆಬ್ಬಿಸಲು ಹೆದರಿದೆ. ಈ ಹೆದರಿಕೆಯ ಮೇಲೇ ಅಲ್ಲಿನ ಎಲ್ಲ ಕೊಳಕೂ ನಿಂತಿದೆ.

ಪಟ್ಟಿಗೆ ಬೇಕಾದ ಹತ್ತಿಯನ್ನು ಅಲ್ಲಿ ರೋಗಿಯ ಕಡೆಯವರೇ ತಂದುಕೊಡಬೇಕು. ಕೆಳಗಿನ ಮೆಡಿಕಲ್ ಶಾಪಿನಲ್ಲಿ ನೀಲಿ ಕಾಗದ ಸುತ್ತಿದ ಸುರುಳಿ ಸಿಗುತ್ತದೆ. ಮೊದಲ ದಿನ ಅದನ್ನೇ ತಂದಿದ್ದೆ. ಡಿಸೆಂಬರ್ 12ರ ಬೆಳಿಗ್ಗೆ ಸೋದರಮಾವ ಅವ್ವನನ್ನು ನೋಡಲು ಬಂದ. ಆ ಸುರುಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿ, ಅದನ್ನು ಕೊಂಡದ್ದೇ ತನಗೆ ಅವಮಾನ ಎನ್ನುವ ಹಾಗೆ ಮುಖ ಮಾಡಿದ.

"ಹತ್ತಿ ಮಿಲ್ಲಿನವರ ಮನಿ ಹೆಣ್ಣುಮಗಳಿಗೆ ಅಂಗಡಿ ಹತ್ತಿ ಕಟ್ತಾರೇನಲೇ? ಮಂದಿ ಕೇಳಿದ್ರ ನಗ್ತಾರ."

ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನಿಂದ ಒಂದು ದೊಡ್ಡ ಬಟ್ಟೆ ಚೀಲ ಬಂತು. ಆಗಷ್ಟೇ ಬೀಜ ಬಿಡಿಸಿದ ಹತ್ತಿ, ಹಾಲಿನ ಬಣ್ಣ, ಉದ್ದ ಎಳೆ. ಮುಖ ಇಟ್ಟು ಮಲಗಬೇಕು ಅನಿಸುವಷ್ಟು ಮೃದು. ಅವ್ವನಿಗೆ ಅದನ್ನು ನೋಡಿಯೇ ಅರ್ಧ ಗುಣವಾಯಿತು. ತವರಿನ ಹತ್ತಿ. ಆಕೆಯ ತಮ್ಮ ಆರಿಸಿ ಕಳಿಸಿದ್ದು. ನೋಡಲು ಬಂದವರೆಲ್ಲ ಚೀಲಕ್ಕೆ ಕೈಹಾಕಿ, ಒಂದು ಚಿಟಿಕೆ ಎಳೆದು ನೋಡಿ, "ಮಾಲು ಅಂದ್ರ ಇದು" ಎಂದರು. ನಮ್ಮವರಿಗೆ ಹತ್ತಿ ಕಂಡರೆ ಬೆರಳು ತಾನಾಗಿ ಹೋಗುತ್ತದೆ. ಎಳೆ ಎಳೆದು ನೋಡದೆ ಇರಲಾಗುವುದಿಲ್ಲ. ಚೀಲಕ್ಕೆ ಎಷ್ಟು ಜನ ಕೈಹಾಕಿದರು ಎಂದು ಮಾತ್ರ ನಾನು ಎಣಿಸಲಿಲ್ಲ.

ಆ ಹತ್ತಿಯ ಲಾಟನ್ನು ರಿಜಿಸ್ಟರಿನಲ್ಲಿ ಬರೆದವಳು ನಾನು. ಅದರಲ್ಲಿ ಎಲೆಪುಡಿ ಇರುತ್ತದೆ, ಬೀಜದ ಚೂರು ಇರುತ್ತದೆ, ಹೊಲದ ಮಣ್ಣು ಇರುತ್ತದೆ. ಅಂಗಳದಲ್ಲಿ ರಾಶಿ ಹಾಕಿದಾಗ ಅದರ ಮೇಲೆ ನಾಯಿ ಮಲಗುತ್ತದೆ, ಇಲಿ ಓಡಾಡುತ್ತದೆ, ಹಮಾಲರು ಬರಿಗಾಲಲ್ಲಿ ತುಳಿದು ನಡೆಯುತ್ತಾರೆ. ಕಸ ಎಷ್ಟು ಎಂದು ಒಂದು ಕಾಲಂ ಇದೆ, ದಿನಾ ತುಂಬುತ್ತೇನೆ. ಅಷ್ಟೆಲ್ಲ ಗೊತ್ತಿದ್ದವಳು ಆ ಹತ್ತಿಯನ್ನು ಅವ್ವನ ತೆರೆದ ಮಾಂಸದ ಮೇಲೆ ಇಡಲು ಹರಿದು ಕೊಟ್ಟೆ. ಬಿಳಿ ಇತ್ತು, ನಮ್ಮದಿತ್ತು, ಅಷ್ಟಕ್ಕೇ ಶುದ್ಧ ಅಂದುಕೊಂಡೆ.

ಕಂಪೌಂಡರ್ ಒಂದು ಮಾತು ಹೇಳಿದ್ದ. "ನಿಮ್ಮ ಹತ್ತಿ ಚೆಂದ ಐತಿ ತಂಗೀ, ಆದ್ರ ನೀರು ಕುಡಿಯಂಗಿಲ್ಲ. ಗಾಯ ಹಸೀನೇ ಉಳಿತೈತಿ." ಮಿಲ್ಲಿನ ಹತ್ತಿಯಲ್ಲಿ ಎಣ್ಣೆಯಂಥ ಜಿಡ್ಡು ಇರುತ್ತದೆ, ಬೇಯಿಸಿ ತೊಳೆದ ಅಂಗಡಿ ಹತ್ತಿಯ ಹಾಗೆ ಅದು ಹೀರುವುದಿಲ್ಲ. ಹೇಳಿದ, ನಕ್ಕ, ಅದನ್ನೇ ಇಟ್ಟು ಕಟ್ಟಿದ.

ಇನ್ನು ಕೈಯ ವಿಷಯ. ಹೊರಗೆ ಹಜಾರದಲ್ಲಿ ಒಂದು ನಲ್ಲಿ ಇತ್ತು, ನೀರೂ ಬರುತ್ತಿತ್ತು. ಸೋಪು ಇರಲಿಲ್ಲ. ನಾನು ಮೂರು ಸಲ ಸೋಪು ತಂದಿಟ್ಟೆ, ಮೂರು ಸಲವೂ ಸಂಜೆಯೊಳಗೆ ಕಾಣೆಯಾಯಿತು. ಹನ್ನೆರಡು ದಿನದಲ್ಲಿ ಅವ್ವನನ್ನು ನೋಡಲು ಬಂದವರು 63. ಪಟ್ಟಿಯ ಮೇಲೆ, ಪಾದದ ಮೇಲೆ, ಬೆರಳ ಮೇಲೆ ಕೈಯಿಟ್ಟು "ಎಷ್ಟು ಬಾತೈತಿ" ಎಂದವರು 48. ಮುಟ್ಟುವ ಮೊದಲು ಕೈ ತೊಳೆದವರು ಇಬ್ಬರು. ಹಣೆಗೆ ವಿಭೂತಿ ಹಚ್ಚಿದವರು ಇಪ್ಪತ್ತಕ್ಕೂ ಹೆಚ್ಚು, ಅದರಲ್ಲಿ ಒಬ್ಬರು ಉಳಿದದ್ದನ್ನು ಪಟ್ಟಿಯ ಮೇಲೂ ಉದುರಿಸಿದರು. ಅವ್ವನನ್ನು ನೋಡಿದ ಮೇಲೆ ಮರ್ಯಾದೆಗೆ ಪಕ್ಕದ ಮಂಚದ ಕಡೆ ತಿರುಗಿ, "ನಿನಗೇನಾಗೈತವ್ವ?" ಎಂದು ಹೊಳಗುಂದದ ಅಕ್ಕನ ಕೈಯನ್ನೂ ಎತ್ತಿ ನೋಡಿದವರು 17. ಒಂದು ಗಾಯದಿಂದ ಇನ್ನೊಂದು ಗಾಯಕ್ಕೆ, ಅಯ್ಯೋ ಪಾಪ ಎನ್ನುತ್ತ.

ಡಿಸೆಂಬರ್ 13ರವರೆಗೆ ನಾನು ಕೈ ತೊಳೆಯುತ್ತಿದ್ದೆ. ಯಾರೂ ಕಲಿಸಿರಲಿಲ್ಲ, ವಾಸನೆಗೆ ತೊಳೆಯುತ್ತಿದ್ದೆ. ಆ ಸಂಜೆ ದೊಡ್ಡವ್ವ ಬಂದಿದ್ದಳು, ಅವ್ವನ ಅಕ್ಕ. ನಾನು ಅವ್ವನ ಕಾಲು ಒರೆಸಿ ಎದ್ದು ನಲ್ಲಿಗೆ ಹೋಗಿ ಬರುವುದನ್ನು ನೋಡಿದಳು.

"ಏನೇ ಅದು? ಹಡೆದ ತಾಯಿ ಕಾಲು ಮುಟ್ಟಿ ಸೋಪು ಹಚ್ಚಿ ಕೈ ತೊಳಕೊಂತೀಯಲ್ಲ. ಆಕಿಗೇನು ಕೆಟ್ಟ ರೋಗ ಬಂದೈತೇನು?"

"ಗಾಯ ಮುಟ್ಟಿದ್ನೆಲ್ಲ ದೊಡ್ಡವ್ವ."

"ನಿನ್ನ ಹೇಲುಚ್ಚಿ ಬಳಿದ ಕೈ ಆಕಿವು. ಆಗ ಆಕಿ ಹಿಂಗ ಸೋಪು ಹುಡುಕಿದ್ಲೇನು?"

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣು ಒತ್ತಿಕೊಂಡದ್ದು ಕಂಡಿತು. ಅಷ್ಟೇ ಸಾಕಾಯಿತು ನನಗೆ. ಮುಟ್ಟಿ ಕೈ ತೊಳೆಯುವುದು ನಮ್ಮಲ್ಲಿ ಯಾರಿಗೆ ಮಾಡುವ ಕೆಲಸ ಎಂದು ನಮಗೆಲ್ಲ ಗೊತ್ತು. ನಮಗಿಂತ ಕೆಳಗಿನವರು ಎಂದುಕೊಂಡವರನ್ನು ಮುಟ್ಟಿದರೆ ತೊಳೆಯುತ್ತೇವೆ, ನಮ್ಮವರನ್ನು ಮುಟ್ಟಿದರೆ ತೊಳೆಯುವುದು ಅವಮಾನ. ಕೈ ತೊಳೆಯುವುದನ್ನು ಶತಮಾನಗಳಿಂದ ಬೈಗುಳ ಮಾಡಿಕೊಂಡು ಕೂತಿದ್ದೇವೆ. ಅದಕ್ಕೇ ಅದು ಔಷಧಿಯಾಗಿ ಬೇಕಾದಾಗ ನಮ್ಮ ಕೈಗೆ ಬರುವುದಿಲ್ಲ.

ಅದೇ ದೊಡ್ಡವ್ವ ಹೊಳಗುಂದದ ಅಕ್ಕನಿಗೆ ಚಹಾ ಕೊಡಲು ಬೇರೆ ಲೋಟ ಇಟ್ಟಿದ್ದಳು. ಪೇಪರ್ ಲೋಟ. ನಮ್ಮ ಸ್ಟೀಲ್ ಲೋಟಗಳ ಜೊತೆ ಅದು ಸೇರಬಾರದು. ಲೋಟ ಸೇರಬಾರದು, ಇಕ್ಕಳ ಸೇರಬಹುದು. ತುಟಿ ತಾಗಬಾರದು, ಕೀವು ತಾಗಬಹುದು. ಇದನ್ನು ಬರೆಯುವಾಗ ಪೆನ್ನು ಒತ್ತಿ ಕಾಗದ ಹರಿಯಿತು, ಇನ್ನೊಂದು ಹಾಳೆಗೆ ಬಂದಿದ್ದೇನೆ.

13ರ ಸಂಜೆಯಿಂದ 23ರವರೆಗೆ ಅವ್ವನನ್ನು ಮುಟ್ಟಿದ ಮೇಲೆ ನಾನು ಕೈ ತೊಳೆಯಲಿಲ್ಲ. ಊಟಕ್ಕೆ ಮೊದಲು ತೊಳೆದೆ, ಅಷ್ಟೇ. ದಿನಾ ಬೆಳಿಗ್ಗೆ ಕಂಪೌಂಡರ್ ಅವ್ವನ ಹಳೆಯ ಪಟ್ಟಿ ಬಿಚ್ಚಿ ನನ್ನ ಕಡೆ ಹಾಕುತ್ತಿದ್ದ, ನಾನು ಅದನ್ನು ಕವರಿನಲ್ಲಿ ಸುತ್ತಿ ಬಕೆಟ್ಟಿಗೆ ಎಸೆಯುತ್ತಿದ್ದೆ. "ಹತ್ತಿ" ಎನ್ನುತ್ತಿದ್ದ. ಅದೇ ಕೈಯನ್ನು ಚೀಲದೊಳಗೆ ಮೊಣಕೈವರೆಗೆ ಹಾಕಿ ಹರಿದು ಕೊಡುತ್ತಿದ್ದೆ. ಆಮೇಲೆ ಪಕ್ಕದ ಮಂಚ. ಅಕ್ಕನ ಗಂಡ ಮೊದಲೆರಡು ದಿನ ಕೆಳಗಿನಿಂದ ಸುರುಳಿ ತಂದಿದ್ದ. 14ರ ಬೆಳಿಗ್ಗೆ ಅವನು ಸುರುಳಿ ತರಲು ಎದ್ದಾಗ ಅವ್ವ ತಡೆದಳು.

"ಕೂಡ್ರಪ್ಪ, ಇಷ್ಟು ಹತ್ತಿ ಐತಿ. ನಾವೊಬ್ಬರೇ ಏನು ಮಾಡ್ತೀವಿ? ನಿನ್ನ ಹೆಣ್ತಿಗೂ ಇದರಾಗೇ ಕಟ್ಟಸು."

"ಬ್ಯಾಡ್ರಿ ತಾಯಿ, ನಿಮಗ ಬೇಕಾಗತೈತಿ."

"ನಮ್ಮ ಮನ್ಯಾಗ ಹತ್ತಿಗೇನು ಬರ ಐತೇನು?"

ಅವ್ವನ ಮುಖದಲ್ಲಿ ಆಗ ಕಂಡ ಸಂತೋಷ ನಿಜವಾದದ್ದು. ಇದನ್ನು ಯಾರೂ ಅನುಮಾನಿಸಬಾರದು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆವು. ಅಲ್ಲಿಂದ 22ರವರೆಗೆ ಒಂಬತ್ತು ದಿನ. 18ರಂದು ಮಾತ್ರ ನಾನು ಮಿಲ್ಲಿಗೆ ಹೋಗಿದ್ದೆ, ಉಳಿದ ಎಂಟು ದಿನ ಆಕೆಯ ಗಾಯಕ್ಕೆ ಹತ್ತಿ ಕೊಟ್ಟದ್ದು ನನ್ನ ಕೈ.

19ರಂದು ಆಕೆಯ ಅಂಗೈ ಅಂಚು ಬೂದು ಬಣ್ಣಕ್ಕೆ ತಿರುಗಿತು. 20ರಂದು ವಾಸನೆ ಬಂತು. ನನಗೆ ಗೊತ್ತಿದ್ದ ವಾಸನೆ. ಅವ್ವನ ಪಟ್ಟಿ ಬಿಚ್ಚಿದಾಗ ಬರುವಂಥದೇ, ಸಿಹಿ ಸಿಹಿ, ಹಳಸಿದ ಹಣ್ಣಿನ ಹಾಗೆ. ನೋಟ್‌ಬುಕ್ಕಿನಲ್ಲಿ "ಅದೇ ವಾಸನೆ" ಎಂದು ಎರಡು ಪದ ಬರೆದು, ಅದರ ಕೆಳಗೆ ಆ ದಿನ ಬಂದವರು ತಂದ ಹಣ್ಣಿನ ಪಟ್ಟಿ ಬರೆದಿದ್ದೇನೆ. ಮೋಸಂಬಿ ಆರು, ಸೇಬು ನಾಲ್ಕು. ಈಗ ಆ ಪುಟ ನೋಡಿದರೆ ನನ್ನ ಅಕ್ಷರದ ಮೇಲೇ ಸಿಟ್ಟು ಬರುತ್ತದೆ.

ಆ ದಿನವೇ ಕರ್ನೂಲಿನಿಂದ ವಾರಕ್ಕೊಮ್ಮೆ ಬರುವ ಹೊಸ ಡಾಕ್ಟರಮ್ಮ ಅವ್ವನ ಕಾಲು ನೋಡಿದರು. ಹತ್ತು ದಿನದ ಇಂಜೆಕ್ಷನ್ನಿಗೂ ಬಗ್ಗದ ಗಾಯ ಕಂಡು, ಕೀವನ್ನು ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ಹೊಳಗುಂದದ ಅಕ್ಕ ಬೇರೆ ಡಾಕ್ಟರರ ಕೇಸು, ಆಕೆಯ ಕೈ ನೋಡಲಿಲ್ಲ. ನಾನೂ ನೋಡಿ ಎಂದು ಹೇಳಲಿಲ್ಲ.

22, ಭಾನುವಾರ, ಅಕ್ಕ ಹೊರಟಳು. ಕುರಿ ಮರಿ ಹಾಕತೊಡಗಿದ್ದವು. ಗಂಡನ ತಮ್ಮ ಫೋನಿನಲ್ಲಿ ಎರಡು ಮರಿ ಸತ್ತವೆಂದು ಹೇಳಿದ್ದ.

"ಕೈ ಇನ್ನೂ ಮಾಯ್ದಿಲ್ಲಲ್ಲಕ್ಕ," ಎಂದೆ.

"ಇಲ್ಲಿದ್ರ ಕೈ ಮಾಯತೈತಿ, ಅಲ್ಲಿ ಕುರಿ ಸಾಯ್ತಾವ. ಎಡಗೈ ಐತೆಲ್ಲ ಸದ್ಯಕ್ಕ."

ಅವ್ವ ನನಗೆ ಹೇಳಿದಳು, "ಮನ್ಯಾಗ ಕಟ್ಟಿಕೊಳ್ಳಾಕ ಒಂದಿಷ್ಟು ಹತ್ತಿ ಕೊಡವ್ವ." ದೊಡ್ಡ ಕವರಿನ ತುಂಬ ಒತ್ತಿ ತುಂಬಿ ಕೊಟ್ಟೆ. ಆಕೆ ಅದನ್ನು ಎಡಗೈಯಲ್ಲಿ ಎದೆಗೆ ಅವಚಿಕೊಂಡು, "ನಿಮ್ಮ ಮನಿ ತಂಪಾಗಿರ್ಲಿ" ಎಂದು ಹೋದಳು.

24ರ ಬೆಳಿಗ್ಗೆ ಹನ್ನೊಂದಕ್ಕೆ ಕಾಗದ ಬಂತು. ಒಂದು ಹಾಳೆ, ಔಷಧಿಗಳ ಹೆಸರು ಒಂದರ ಕೆಳಗೊಂದು. ಪರೀಕ್ಷಿಸಿದ್ದು ಹದಿನಾರು, ಹದಿನಾಲ್ಕಕ್ಕೆ ಈ ರೋಗಾಣು ಬಗ್ಗುವುದಿಲ್ಲ ಎಂದು ಗುರುತು. ನಾವು ತಂದು ತಂದು ಬಿಟ್ಟ ನಾಲ್ಕೂ ಆ ಹದಿನಾಲ್ಕರಲ್ಲಿ ಇದ್ದವು. ಡಾಕ್ಟರಮ್ಮ ಆ ದಿನ ಅದಕ್ಕೆಂದೇ ಬಂದಿದ್ದರು. ತೆಲುಗಿನವರು, ನಿಧಾನಕ್ಕೆ ಮಾತಾಡುವವರು. ಅರೆಬರೆ ಗುಳಿಗೆ ನುಂಗಿದರೆ ಸಾಯದೆ ಉಳಿದ ರೋಗಾಣುಗಳೇ ಬೆಳೆಯುತ್ತವೆ, ಒಮ್ಮೆ ಹಾಗೆ ಬೆಳೆದದ್ದು ಕೈಯಿಂದ ಕೈಗೆ, ಗಾಯದಿಂದ ಗಾಯಕ್ಕೆ ಹೋಗುತ್ತದೆ, ಹೋದಲ್ಲೂ ಔಷಧಿಗೆ ಬಗ್ಗುವುದಿಲ್ಲ ಎಂದು ಹೇಳಿದರು. ಆಮೇಲೆ ತಮ್ಮ ಎರಡೂ ಅಂಗೈ ಎತ್ತಿ ತೋರಿಸಿದರು. "ಚೇತುಲು, ಅಮ್ಮಾ. ಚೇತುಲು." ಕೈಗಳು. ಹೊಸ ಔಷಧಿ ಯಾವಾಗಲೋ ಬರಬಹುದು, ಸೋಪು ನೀರು ಈಗಲೇ ಇದೆ ಎಂದರು. ಮುಟ್ಟುವ ಮೊದಲೂ ತೊಳೆಯಬೇಕು, ಮುಟ್ಟಿದ ಮೇಲೂ ತೊಳೆಯಬೇಕು.

ಆಗ ಅವರ ಕಣ್ಣಿಗೆ ಚೀಲ ಬಿತ್ತು.

"ಇದಿ ಏಮಿಟಿ?" ಇದೇನು ಎಂದು ಕೇಳಿದರು.

ಸೋದರಮಾವ ಅಲ್ಲೇ ಇದ್ದ. "ನಮ್ಮ ಮಿಲ್‌ದು ಡಾಕ್ಟರಮ್ಮಾ. ಒಂದನೇ ನಂಬರ್ ಮಾಲು. ನಿಮಗೂ ಒಂದು ಚೀಲ ಕಳಸ್ಲೇನ್ರಿ?"

ಡಾಕ್ಟರಮ್ಮ ಚೀಲದ ಬಾಯಿ ಬಿಡಿಸಿ ನೋಡಿದರು. ಮೇಲುಗಡೆಯೇ ಒಂದು ಕಡೆ ಹತ್ತಿ ಹಳದಿಯಾಗಿ ಅಂಟಿಕೊಂಡಿತ್ತು, ನನ್ನ ಬೆರಳು ಹೋಗುತ್ತಿದ್ದ ಜಾಗದಲ್ಲಿ. ನನ್ನ ಕೈ ನೋಡಿದರು. ನಾನು ಕೈಯನ್ನು ಓಢಣಿಯೊಳಗೆ ಎಳೆದುಕೊಂಡೆ. ಆಮೇಲೆ ಕೇಳಿದರು, ಇದನ್ನು ಇನ್ಯಾರಿಗಾದರೂ ಕಟ್ಟಿದ್ದೀರಾ ಎಂದು. ಹೇಳಿದೆ. ಕೂಡಲೇ ಅವರನ್ನು ಕರೆಸಬೇಕು, ಆ ಗಾಯವನ್ನೂ ಪರೀಕ್ಷಿಸಬೇಕು ಎಂದರು.

ಕರೆಸಬೇಕಾದವರು ನರ್ಸಿಂಗ್ ಹೋಮಿನವರು. ಕೌಂಟರಿನಲ್ಲಿ ಕೂತ ಮ್ಯಾನೇಜರ್ ನನ್ನ ಮಾತು ಪೂರ್ತಿ ಕೇಳಿದ.

"ಅವರು ತಾವಾಗೇ ಸೈನ್ ಮಾಡಿ ಹೋಗ್ಯಾರಮ್ಮ. ನಮ್ಮ ಜವಾಬ್ದಾರಿ ಮುಗೀತು."

"ಅವರಿಗೆ ತಿಳಿಸಬೇಕಲ್ರಿ."

"ಏನಂತ ತಿಳಸ್ಲಿ? ನಮ್ಮಲ್ಲಿ ರೋಗ ಹತ್ತಿಸಿ ಕಳಿಸೀವಿ ಅಂತೇನು? ನಿಮ್ಮ ತಾಯಿ ಗಾಯದಿಂದನೇ ಹೋತು ಅಂತ ಯಾರು ಹೇಳ್ಯಾರ? ಸುಮ್ಮನ ನಿಮ್ಮ ಕೆಲಸ ನೋಡಕೋರಿ."

ಅವನ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ, ಅದನ್ನೂ ಬರೆಯಬೇಕು. ಯಾರಿಂದ ಯಾರಿಗೆ ಹೋಯಿತು ಎಂದು ನನಗೆ ಗೊತ್ತಿಲ್ಲ. ಆ ರೋಗಾಣು ಅವ್ವನ ಜೊತೆ ಮನೆಯಿಂದಲೇ ಬಂದಿರಬಹುದು, ಆ ತಟ್ಟೆಯಲ್ಲಿ ನಮಗಿಂತ ಮೊದಲೇ ಇದ್ದಿರಬಹುದು. ಅಕ್ಕನ ಕೈಗೆ ಅದು ಹೋಗದೆಯೂ ಇರಬಹುದು. ಪರೀಕ್ಷೆ ಮಾಡಿದ್ದರೆ ಗೊತ್ತಾಗುತ್ತಿತ್ತು. ಮಾಡಲಿಲ್ಲ. ಗೊತ್ತಾಗದ ಹಾಗೆ ಇಟ್ಟುಕೊಂಡು, ಗೊತ್ತಿಲ್ಲವಲ್ಲ ಎನ್ನುವುದು ಯಾವ ಸೀಮೆಯ ನ್ಯಾಯ?

ಆಕೆಯ ಗಂಡನ ನಂಬರ್ ನನ್ನ ಹತ್ತಿರ ಇತ್ತು. 24ರಿಂದ ಜನವರಿ 4ರವರೆಗೆ 31 ಸಲ ಮಾಡಿದೆ. ಎರಡು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. ಆಮೇಲೆ ಸ್ವಿಚ್ ಆಫ್. ಜನವರಿ 5ರಂದು ಬಸ್ಸು ಹತ್ತಿ ಹೊಳಗುಂದಕ್ಕೆ ಹೋಗಿ, ಅಲ್ಲಿಂದ ಷೇರ್ ಆಟೋದಲ್ಲಿ ಅವರ ಊರಿಗೆ ಹೋದೆ. ಮನೆಗೆ ಬೀಗ. ಪಕ್ಕದ ಮನೆಯ ಮುಂದೆ ಒಬ್ಬ ಮುದುಕಿ ಶೇಂಗಾ ಸುಲಿಯುತ್ತ ಕೂತಿದ್ದಳು.

"ಕುರಿ ಹೊಡಕೊಂಡು ಹೊಳಿ ಕಡಿ ಹೋಗ್ಯಾರವ್ವ. ಇಲ್ಲಿ ಮೇವು ಎಲ್ಲೈತಿ?"

"ಆಕಿ ಕೈ ಹೆಂಗಿತ್ತಜ್ಜಿ?"

"ಕೈಯೇನು ಕೇಳ್ತೀ. ಮೊಣಕೈತನ ಬಾತಿತ್ತು. ಕೊರಳಿಗೆ ಸೆರಗು ಕಟ್ಟಿ ತೂಗು ಹಾಕ್ಕೊಂಡಿದ್ಲು. ಆದ್ರೂ ಬಾಯಿ ಕಡಿಮಿ ಆಗಿಲ್ಲ ಬಿಡು, ಗಂಡನ್ನ ಬೈಕೊಂತನೇ ಹೋದ್ಲು." ನನ್ನನ್ನು ಮೇಲೆ ಕೆಳಗೆ ನೋಡಿದಳು. "ನೀನು ಯಾರಾಕಿ? ಹತ್ತಿ ಕೊಟ್ಟ ಮನಿಯಾಕಿ ಏನು? ಭಾಳ ನೆನಸ್ತಿದ್ಲು ನಿಮ್ಮನ್ನ."

ಹೌದು ಎಂದೆ. ಮುದುಕಿ ಒಂದು ಬೊಗಸೆ ಶೇಂಗಾ ಕೊಟ್ಟಳು. ಅಲ್ಲಿಯೇ ನಿಂತು ಎಲ್ಲ ಹೇಳಿದೆ, ಆ ಹತ್ತಿ ಬಳಸಬಾರದು, ಆ ಕೈ ಮುಟ್ಟಿದವರು ಸೋಪು ಹಚ್ಚಿ ತೊಳೆಯಬೇಕು ಎಂದು. ಮುದುಕಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು. "ಹಂಗಾರ ನೀವು ಮೊದಲೇ ಯಾಕ ತೊಳೀಲಿಲ್ಲ?"

ಅದೊಂದೇ ಪ್ರಶ್ನೆ ಸರಿಯಾದದ್ದು. ನರ್ಸಿಂಗ್ ಹೋಮಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಜನವರಿ 12ರಂದು ಬಸ್ಸಿನಲ್ಲಿ ನಂದವರಂ ದಾಟಿ ನಾಗಲದಿನ್ನೆಯವರೆಗೆ ಹೋದೆ. ತುಂಗಭದ್ರೆಯ ದಂಡೆಯಲ್ಲಿ ಮೂರು ಹಿಂಡು ಇದ್ದವು, ಮೂರೂ ಬೇರೆಯವರವು. ಒಬ್ಬ ಕುರಿಗಾರ, ಕೈ ಕಟ್ಟಿಕೊಂಡ ಹೆಣ್ಣುಮಗಳಿದ್ದ ಹಿಂಡೊಂದು ನಾಲ್ಕೈದು ದಿನದ ಹಿಂದೆ ಹೊಳೆಯ ಗುಂಟ ಮುಂದೆ ಹೋಯಿತೆಂದ. ಆಕೆಯೇ ಹೌದೋ ಅಲ್ಲವೋ ಹೇಳಲಾರ. ಅಲ್ಲಿಂದ ಮುಂದೆ ನನಗೆ ದಾರಿ ತಿಳಿಯಲಿಲ್ಲ.

ಅವ್ವನ ಕಿರುಬೆರಳನ್ನು ಡಿಸೆಂಬರ್ 27ರಂದು ತೆಗೆದರು. ಪಾದ ಉಳಿಯಿತು. ಹದಿನಾರರಲ್ಲಿ ಉಳಿದ ಎರಡು ಔಷಧಿಗಳಲ್ಲಿ ಒಂದು ನಾಟಿತು. ಫೆಬ್ರುವರಿ ಒಂದಕ್ಕೆ ಗಾಯ ಪೂರ್ತಿ ಮುಚ್ಚಿತು. ಈಗ ನಮ್ಮ ಮನೆಯಲ್ಲಿ ನಲ್ಲಿಯ ಹತ್ತಿರ ಸೋಪು ಇದೆ, ಅವ್ವನ ಟವಲು ಬೇರೆ ಇದೆ. ದೊಡ್ಡವ್ವ ಇನ್ನೂ ಮುಖ ತಿರುವುತ್ತಾಳೆ. ಮೊನ್ನೆ ಅವ್ವನೇ ಹೇಳಿದಳು, "ತೊಳಕೊಂಡು ಬಾ ಅಕ್ಕ, ಆಮ್ಯಾಲ ಮುಟ್ಟು. ನನಗೇನು ಸಿಟ್ಟಿಲ್ಲ." ದೊಡ್ಡವ್ವ ಮುಟ್ಟದೆಯೇ ಕೂತು ಹೋದಳು. ಹೋಗಲಿ.

ನಮಗೆ ಪರೀಕ್ಷೆಯ ಕಾಗದ ಸಿಕ್ಕಿತು, ಸರಿಯಾದ ಔಷಧಿ ಸಿಕ್ಕಿತು. ಆಕೆಗೆ ಸಿಕ್ಕಿದ್ದು ನಮ್ಮ ಹತ್ತಿ. ಅವ್ವ ದಿನಾ ಕೇಳುತ್ತಾಳೆ, "ಆ ಹೆಣ್ಣುಮಗಳ ಸುದ್ದಿ ಬಂತೇನವ್ವ?"

ಇದನ್ನು ಓದಿದವರಲ್ಲಿ ಯಾರಿಗಾದರೂ ಗೊತ್ತಿರಬಹುದು. ಮೂವತ್ತೈದರ ಹೆಂಗಸು, ಹೊಳಗುಂದದ ಕಡೆಯವಳು, ಬಾಯಿ ಜೋರು, ನಗು ಜಾಸ್ತಿ. ಬಲ ಅಂಗೈಯಲ್ಲಿ ಕೊಯ್ದ ಗಾಯ. ಗಂಡ, ಅವನ ತಮ್ಮ ಜೊತೆಗಿದ್ದಾರೆ, ಕುರಿಹಿಂಡೂ ಇದೆ. ಜನವರಿ ಮೊದಲ ವಾರದಲ್ಲಿ ತುಂಗಭದ್ರೆಯ ದಂಡೆಯಲ್ಲಿ ಇದ್ದಿರಬಹುದು, ಈಗ ಹೊಳೆ ದಾಟಿ ರಾಯಚೂರಿನ ಕಡೆಯೂ ಇರಬಹುದು. ಕಂಡರೆ ಮೊದಲು ಆಕೆಗೆ ಹೇಳಿ, ಕವರಿನಲ್ಲಿ ಉಳಿದ ಹತ್ತಿಯನ್ನು ಸುಟ್ಟುಹಾಕಲಿ. ಮೆಡಿಕಲ್ ಶಾಪಿನಿಂದ ಬರಿಬಾಯಲ್ಲಿ ಕೇಳಿ ಗುಳಿಗೆ ತರಿಸದಿರಲಿ. ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಔಷಧಿಗೆ ಬಗ್ಗದ ಕೀವಿನ ರೋಗಿಯ ಪಕ್ಕದಲ್ಲಿ ಹನ್ನೊಂದು ದಿನ ಇದ್ದಳೆಂದು ಡಾಕ್ಟರಿಗೆ ಹೇಳಿ, ಕೀವು ಪರೀಕ್ಷೆ ಮಾಡಿಸಿ. ಆಕೆಯ ಕೈ ಮುಟ್ಟುವ ಮೊದಲು ತೊಳೆಯಿರಿ, ಮುಟ್ಟಿದ ಮೇಲೂ ತೊಳೆಯಿರಿ. ಆಕೆ ಅವಮಾನ ಎಂದುಕೊಂಡರೆ, ಇದು ಅವಮಾನವಲ್ಲ ಎಂದು ಬಿಡಿಸಿ ಹೇಳಿ. ಅವ್ವನ ಪರೀಕ್ಷೆಯ ಕಾಗದದ ಪ್ರತಿ ನನ್ನ ಹತ್ತಿರ ಇದೆ, ಆಕೆಯ ಡಾಕ್ಟರಿಗೆ ಬೇಕಾದರೆ ಅದೇ ದಿನ ಕಳಿಸುತ್ತೇನೆ.

ಆಕೆಯ ಕೈ ಮಾಯ್ದಿದ್ದರೆ ಬರೆಯಿರಿ. ಮಾಯದಿದ್ದರೂ ಬರೆಯಿರಿ. ಯಾವ ಊರಿನಲ್ಲಿ, ಯಾವ ದಿನ ನೋಡಿದಿರಿ, ಆ ಕೈಯಲ್ಲಿ ಏನನ್ನಾದರೂ ಹಿಡಿಯುತ್ತಿದ್ದಳೇ ಎಂಬುದನ್ನೂ ಬರೆಯಿರಿ. ಈ ಬರಹ ಅಚ್ಚಾದ ಕಡೆಗೆ ಬಂದ ಕಾಗದ ನನಗೆ ತಲುಪುತ್ತದೆ.